ಹುಲ್ಲಿಗೂ ರೊಕ್ಕ ಕೊಟ್ಟಿ?

ಎರಡು ವರ್ಷದ ಹಿಂದಿನ ಮಾತು. ಜುಲೈ ತಿಂಗಳ ಒಂದು ಶನಿವಾರ ಹೈದರಾಬಾದಿನಿಂದ ಬೀದರಿಗೆ ಬರುವಾಗ ಕಾರಿನ ಹಿಂದಿನ ಸೀಟಿನ ತುಂಬ ಹನ್ನೆರಡು ಕುಂಡ ಇಟ್ಟುಕೊಂಡು ಬಂದಿದ್ದೆ. ಒಂದೊಂದಕ್ಕೆ 250 ರೂಪಾಯಿ. ಗೇಟಿನ ಹತ್ತಿರ ಇಳಿಸುವಾಗ ಅಪ್ಪ ಪೇಪರು ಮಡಚಿಟ್ಟು ಎದ್ದು ಬಂದ. ಒಂದು ಕುಂಡ ಎತ್ತಿಕೊಂಡು, ಗರಿ ಸವರಿ, ಬುಡ ನೋಡಿ ಕೇಳಿದ.

“ಇದ್ಯಾವ ಗಿಡಾನ ಯವ್ವಾ?”

“ಫೌಂಟೇನ್ ಗ್ರಾಸ್ ಅಪ್ಪಾ. ತೆನಿ ಬಿಟ್ಟಾಗ ಕಾರಂಜಿ ಚಿಮ್ಮಿದಂಗ ಬಾಗ್ತದ. ಭಾಳ ಚಂದ ಕಾಣ್ತದ.”

“ಅಂದ್ರ ಹುಲ್ಲು.”

“ಹ್ಞೂಂ. ಹುಲ್ಲು.”

“ಹುಲ್ಲಿಗೂ ರೊಕ್ಕ ಕೊಟ್ಟಿ?”

ಎಷ್ಟು ಅಂತ ಹೇಳುವ ಧೈರ್ಯ ನನಗಾಗಲಿಲ್ಲ. ಬಿಲ್ಲು ಅವ್ವನ ಕೈಗೆ ಸಿಕ್ಕಿತ್ತು, ಅವಳೇ ಹೇಳಿದಳು. ಅಪ್ಪ ಬಯ್ಯಲಿಲ್ಲ. ಕುಂಡವನ್ನು ಮೆಲ್ಲಗೆ ಕೆಳಗಿಟ್ಟು ಒಳಗೆ ಹೋದ. ಸರ್ಕಾರಿ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದ ಮನುಷ್ಯ; ಯಾವಾಗ ಸುಮ್ಮನಿದ್ದರೆ ಹೆಚ್ಚು ತಾಗುತ್ತದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು.

ಆ ಸುಮ್ಮನಿರುವಿಕೆಗೆ ಹಿಂದಿನ ಒಂದು ಕಾರಣವೂ ಇತ್ತು. ಅದನ್ನು ಹೇಳದೆ ಮುಂದೆ ಹೋದರೆ ನಾನು ಈ ಬರಹದಲ್ಲಿ ಭಾರಿ ಜಾಣೆಯಂತೆ ಕಾಣಿಸಿಬಿಡುತ್ತೇನೆ. ಹಾಗಾಗಿ ಹೇಳಿಬಿಡುತ್ತೇನೆ.

ನೌಬಾದ್ ಕಡೆ ನಾವು ಮನೆ ಕಟ್ಟಿದಾಗ ಮುಂದೆ ಹನ್ನೆರಡು ಅಡಿ ಅಗಲ, ಮೂವತ್ತು ಅಡಿ ಉದ್ದದ ಜಾಗ ಉಳಿದಿತ್ತು. ಅವ್ವನಿಗೆ ಅಲ್ಲಿ ಮೆಂತ್ಯೆ, ಪುಂಡಿಪಲ್ಯ ಬೇಕಿತ್ತು. ನನ್ನ ಕಣ್ಣೊಳಗೆ ಆಫೀಸಿನ ಕ್ಯಾಂಪಸ್ಸಿನ ಲಾನ್ ಕೂತಿತ್ತು. ಮನೆಯ ಸಾಲದ ಕಂತು ಕಟ್ಟುವವಳು ನಾನು, ಹಾಗಾಗಿ ನನ್ನ ಮಾತೇ ನಡೆಯಿತು. ಚಾಪೆಯಂತೆ ಸುತ್ತಿದ್ದ ಲಾನ್ ತರಿಸಿ ಹಾಸಿದೆವು. ಮಳೆಗಾಲದಲ್ಲಿ ಏನು ಚಂದ ಅಂತೀರಿ! ಬಂದವರೆಲ್ಲ ಚಪ್ಪಲಿ ಬಿಟ್ಟು ಕಾಲಿಟ್ಟು ನೋಡುತ್ತಿದ್ದರು. ಫೆಬ್ರುವರಿಗೆ ಹಳದಿಯಾಗಲು ಶುರುವಾಯಿತು. ನಮ್ಮ ಬೇಸಿಗೆಯಲ್ಲಿ ಅಷ್ಟು ಜಾಗದ ಲಾನಿಗೆ ದಿನಕ್ಕೆ ಸುಮಾರು 200 ಲೀಟರ್ ನೀರು ಬೇಕು. ಏಪ್ರಿಲ್‌ನಲ್ಲಿ ಬೋರ್‌ವೆಲ್ ಕೆಮ್ಮತೊಡಗಿತು. ಟ್ಯಾಂಕರ್ ತರಿಸತೊಡಗಿದೆವು.

ನಾನು ಏನು ಮಾಡುತ್ತಿದ್ದೆ ಗೊತ್ತೇ? ರಾತ್ರಿ ಹನ್ನೊಂದರ ಮೇಲೆ, “ಅಮೆರಿಕದವರ ಜೊತೆ ಕಾಲ್ ಅದ” ಎಂದು ಹೇಳಿ ಹೊರಗೆ ಬಂದು ಪೈಪು ಬಿಡುತ್ತಿದ್ದೆ. ಒಂದು ಮುಂಜಾನೆ ಟ್ಯಾಂಕು ಖಾಲಿ. ನಾನು ಎದ್ದು ಬರುವಷ್ಟರಲ್ಲಿ ಮೊಣಕಾಲು ನೋವಿನ ನನ್ನ ಅವ್ವ ಎದುರು ಮನೆಯಿಂದ ಎರಡು ಕೊಡ ನೀರು ಹೊತ್ತು ತಂದು, ಮೂರನೆಯದಕ್ಕೆ ಹೊರಟಿದ್ದಳು. ಅಪ್ಪ ಅಂಗಳದಲ್ಲಿ ನಿಂತಿದ್ದ. ಹುಲ್ಲು ಇನ್ನೂ ತೊಯ್ದೇ ಇತ್ತು. ಅವನು ಹೇಳಿದ್ದು ಒಂದೇ ಮಾತು: “ಲಾತೂರ ಮರ್ತೇನು?”

ಮರೆಯುವುದು ಹೇಗೆ? 2016ರ ಏಪ್ರಿಲ್‌ನಲ್ಲಿ ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದಿತ್ತಲ್ಲ, ಹತ್ತು ವ್ಯಾಗನ್, ಐದು ಲಕ್ಷ ಲೀಟರ್! ಆಗ ನಾನು ಭಾಲ್ಕಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ನಾಲ್ಕು ಜನ ಹುಡುಗಿಯರು ಒಂದು ಬಾಡಿಗೆ ರೂಮಿನಲ್ಲಿದ್ದೆವು. ಒಬ್ಬೊಬ್ಬರಿಗೆ ದಿನಕ್ಕೆ ಎರಡು ಬಕೆಟ್. ಸ್ನಾನದ ನೀರಿನಲ್ಲಿ ಬಟ್ಟೆ, ಬಟ್ಟೆಯ ನೀರು ಕಕ್ಕಸಿಗೆ. ಆ ಹುಡುಗಿಯೇ ಏಳು ವರ್ಷದ ಮೇಲೆ ಟ್ಯಾಂಕರ್ ನೀರನ್ನು ಕದ್ದು ಲಾನಿಗೆ ಬಿಟ್ಟಿದ್ದು. ಮೇ ಹೊತ್ತಿಗೆ ಲಾನು ಸತ್ತಿತು. ನಾನು ಅದನ್ನು ಸುಮ್ಮನೆ ಸಾಯಲು ಬಿಟ್ಟೆ.

ಆಮೇಲೆ ನಮ್ಮಂಥವರು ಮಾಡುವುದನ್ನೇ ನಾನೂ ಮಾಡಿದೆ. ಒಂದು ಸ್ಪ್ರೆಡ್‌ಶೀಟ್ ತೆರೆದೆ. ‘ಒಣ ಹವೆಯ ತೋಟಕ್ಕೆ ಅಲಂಕಾರದ ಹುಲ್ಲುಗಳು’ ಅಂತ ಹುಡುಕಿದರೆ ಓದಲು ಬೇಕಾದಷ್ಟಿದೆ. ನೀಲಿ ಛಾಯೆಯ ಫೆಸ್ಕ್ಯೂ, ಮೆಕ್ಸಿಕೋದ ಕೂದಲಿನಂಥ ಹುಲ್ಲು, ದಕ್ಷಿಣ ಅಮೆರಿಕದ ಆಳೆತ್ತರದ ಪಂಪಾಸ್, ಆಫ್ರಿಕಾದ ಫೌಂಟೇನ್ ಹುಲ್ಲು. ಹೆಸರು, ಎತ್ತರ, ಬಿಸಿಲು, ನೀರು ಎಂದು ಕಾಲಂ ಮಾಡಿ ಅಂಕ ಕೊಟ್ಟೆ. ಫೆಸ್ಕ್ಯೂ ಮೊದಲ ಸ್ಥಾನಕ್ಕೆ ಬಂತು. ಆನ್‌ಲೈನಿನಲ್ಲಿ ಬೀಜ ತರಿಸಿ ಟ್ರೇಯಲ್ಲಿ ಹಾಕಿದೆ. ಹುಟ್ಟಿತು, ನಾಲ್ಕು ಬೆರಳು ಬೆಳೆಯಿತು, ಬುಡದಲ್ಲಿ ಕೊಳೆಯಿತು. ಉಳಿದ ನಾಲ್ಕೈದು ಅಕ್ಟೋಬರ್ ಬಿಸಿಲಿಗೆ ಹೋದವು.

ತಪ್ಪು ಎಲ್ಲಿ ಅಂತ ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಆ ಪಟ್ಟಿಗಳಲ್ಲಿ ‘ಒಣ ಹವೆ’ ಎಂದರೆ ಹೆಚ್ಚಾಗಿ ಕ್ಯಾಲಿಫೋರ್ನಿಯಾ, ಇಲ್ಲವೇ ಮೆಡಿಟರೇನಿಯನ್ ಸಮುದ್ರದ ಸುತ್ತಿನ ದೇಶಗಳು. ಅಲ್ಲಿ ಮಳೆ ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ನಮ್ಮದು ಹಾಗಲ್ಲ. ಬೀದರ್ ಜಿಲ್ಲೆಗೆ ವರ್ಷಕ್ಕೆ ಸರಾಸರಿ 800 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಅದೇನೂ ಮರುಭೂಮಿಯ ಲೆಕ್ಕವಲ್ಲ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಾಲ್ಕು ತಿಂಗಳು ಕಾಲು ಕೆಸರು, ಎಂಟು ತಿಂಗಳು ಬಾಯಿ ಒಣ. ನಮಗೆ ಬೇಕಾದದ್ದು ಬರೇ ಬರ ತಾಳುವ ಹುಲ್ಲಲ್ಲ. ಬಿಸಿ ಮತ್ತು ತೇವ ಎರಡೂ ಕೂಡಿದಾಗ ಕೊಳೆಯದೆ ಬೆಳೆದು, ಆಮೇಲೆ ಒಣಗಿ ನಿಂತರೂ ಬೇರು ಜೀವ ಹಿಡಿದಿರುವ ಹುಲ್ಲು.

ಇದಕ್ಕೆ ಹುಲ್ಲಿನ ಒಳಗಿನ ಯಂತ್ರವೂ ಕಾರಣ. ಹುಲ್ಲುಗಳಲ್ಲಿ ಎರಡು ಜಾತಿ ಅಡುಗೆಮನೆ ಇವೆ ಅನ್ನಿ. ಗೋಧಿ, ಭತ್ತ, ಈ ಫೆಸ್ಕ್ಯೂ ಒಂದು ಗುಂಪು. ಜೋಳ, ಸಜ್ಜೆ, ಮೆಕ್ಕೆಜೋಳ, ಕಬ್ಬು ಇನ್ನೊಂದು. ಇವನ್ನು ಸಿ4 ಸಸ್ಯಗಳು ಅನ್ನುತ್ತಾರೆ. ಎರಡನೆಯ ಗುಂಪು ಗಾಳಿಯೊಳಗಿನ ಇಂಗಾಲವನ್ನು ಮೊದಲು ಹಿಡಿದು ಒಂದೆಡೆ ಒಟ್ಟುಮಾಡಿಕೊಂಡು ಆಮೇಲೆ ಸಕ್ಕರೆ ಮಾಡುತ್ತದೆ. ಹಾಗಾಗಿ ಎಲೆಯ ರಂಧ್ರಗಳನ್ನು ಹೆಚ್ಚು ತೆರೆಯಬೇಕಿಲ್ಲ, ನೀರು ಕಡಿಮೆ ಹಾರಿಹೋಗುತ್ತದೆ, ಸುಡು ಬಿಸಿಲಲ್ಲೂ ಕೆಲಸ ನಿಲ್ಲುವುದಿಲ್ಲ. ನನ್ನ ಸ್ಪ್ರೆಡ್‌ಶೀಟಿನಲ್ಲಿ ಈ ಕಾಲಮ್ಮೇ ಇರಲಿಲ್ಲ. ಇದ್ದಿದ್ದರೆ ಫೆಸ್ಕ್ಯೂ ಮೊದಲ ದಿನವೇ ಹೊರಗೆ ಬೀಳುತ್ತಿತ್ತು. ಅಪ್ಪನಿಗೆ ಇದನ್ನು ಉತ್ಸಾಹದಿಂದ ವಿವರಿಸಿದೆ. ಅವನು ಕೇಳಿ, “ಜ್ವಾಳ ಬಿಸಲಿಗೆ ತಡೀತದ ಅಂತ ಹೇಳಾಕ ಇಷ್ಟ್ ಓದ್ಬೇಕೇನ?” ಅಂದ.

ಇನ್ನು ಆ ಮೂರು ಸಾವಿರದ ಫೌಂಟೇನ್ ಹುಲ್ಲು. ಅದು ಸಾಯಲಿಲ್ಲ. ಅದೇ ತೊಂದರೆಯಾದದ್ದು.

ನಿಜಕ್ಕೂ ಚಂದವಿತ್ತು. ಸೆಪ್ಟೆಂಬರ್‌ನಲ್ಲಿ ತಿಳಿ ಗುಲಾಬಿಯ ತೆನೆ ಬಿಟ್ಟು, ಸಂಜೆ ಬಿಸಿಲು ಹಿಂದಿನಿಂದ ಬಿದ್ದಾಗ ಹೊಳೆಯುತ್ತಿತ್ತು. ವಾಕಿಂಗ್ ಹೋಗುವವರು ನಿಂತು ಫೋಟೊ ತೆಗೆಯುತ್ತಿದ್ದರು. ಡಿಸೆಂಬರ್ ಹೊತ್ತಿಗೆ ಪಕ್ಕದ ಖಾಲಿ ಸೈಟಿನಲ್ಲಿ, ಗರಿಕೆ ಮತ್ತು ಕಾಂಗ್ರೆಸ್ ಕಸದ ನಡುವೆ (ಕಾಂಗ್ರೆಸ್ ಹುಲ್ಲು ಅಂತ ಕರೆದರೂ ಅದು ಹುಲ್ಲಲ್ಲ, ಸೂರ್ಯಕಾಂತಿಯ ಬಳಗದ್ದು) ಇದರ ಮರಿಗಳು ಎದ್ದಿದ್ದವು. ಎಣಿಸಿದೆ, ನಲವತ್ತು ದಾಟಿತು. ರಸ್ತೆಯ ಚರಂಡಿಯ ಅಂಚಿನಲ್ಲಿ ಇನ್ನೂ ಕೆಲವು. ಆಗ ಕೂತು ಓದಿದರೆ, ಹವಾಯಿ ದ್ವೀಪಕ್ಕೆ ತೋಟದ ಚಂದಕ್ಕೆಂದು ಹೋದ ಇದೇ ಹುಲ್ಲು ಅಲ್ಲಿ ಬೆಟ್ಟ ಬಯಲೆಲ್ಲ ಹಬ್ಬಿ, ಒಣಗಿದಾಗ ಬೆಂಕಿಗೆ ದಾರಿ ಮಾಡಿಕೊಟ್ಟಿದೆ. ಅರಿಜೋನಾದಲ್ಲೂ ಅದೇ ಪಾಡು. ನೇರಳೆ ಎಲೆಯ ತಳಿ ಬೀಜ ಕಟ್ಟುವುದು ತೀರ ಅಪರೂಪವಂತೆ. ನಾನು ತಂದದ್ದು ಹಸಿರು ಎಲೆಯದು. ನರ್ಸರಿಯವರಿಗೆ ಕೇಳಬೇಕು ಅಂತ ನನಗೂ ಹೊಳೆದಿರಲಿಲ್ಲ. ಎರಡು ಭಾನುವಾರ ಕೈಗೆ ಗವಸು ಹಾಕಿಕೊಂಡು ಆ ಸೈಟಿನಲ್ಲಿ ಕೂತು ಕಿತ್ತೆ. ಹಾದುಹೋದ ಪಕ್ಕದ ಮನೆಯ ಚಾಚಾ, “ಕ್ಯಾ ಬೇಟಿ, ಪ್ಲಾಟ್ ತಗೊಂಡ್ರೇನು?” ಅಂದರು. ಮದುವೆ ಯಾವಾಗ ಅಂತ ಕೇಳಲಿಲ್ಲ, ಅಷ್ಟೇ ಸಮಾಧಾನ.

ಅದಕ್ಕೂ ಮುಂಚೆ, ದಸರೆಗೆ, ಭಾಲ್ಕಿ ಕಡೆಯ ಮಾಮಾನ ಊರಿಗೆ ಹೋದಾಗ ಇನ್ನೊಂದು ಎಡವಟ್ಟು ಆಗುವುದಿತ್ತು. ಮಾಮಾನದು ಕಾರಂಜಾ ನೀರಿನ ಹೊಲ, ಕಬ್ಬು. ಹೊಲದ ಪಕ್ಕದ ಹಳ್ಳದ ದಂಡೆಯಲ್ಲಿ ಕಾಶ ಹೂಬಿಟ್ಟಿತ್ತು. ಬೆಳ್ಳಿಯ ಕುಂಚಗಳಂತೆ, ನನ್ನ ಎತ್ತರಕ್ಕೂ ಮೇಲೆ, ಗಾಳಿಗೆ ಒಂದೇ ಸಲ ತಲೆ ಬಾಗಿಸುತ್ತ. ಪುಕ್ಕಟೆ ಸಿಗುವ ಪಂಪಾಸ್ ಅಂದುಕೊಂಡು ಸನಿಕೆ ತಗೊಂಡು ಹೊರಟೆ. ಮಾಮಾ ಕಬ್ಬಿನ ಗದ್ದೆಯಿಂದಲೇ ಕೂಗಿದ, “ಏ, ಅದನ್ನ ಮನಿಗೆ ಒಯ್ಬ್ಯಾಡ್ಬೇ! ಅದು ನೆಲದಾಗ ಓಡ್ತದ. ನಿಮ್ಮ ಬಚ್ಚಲದಾಗ ಎದ್ದು ನಿಂದರ್ತದ!” ಕಾಶ ಕಬ್ಬಿನ ಸ್ವಂತ ಕುಲದ್ದೇ, ಕಬ್ಬಿನ ತಳಿ ಸುಧಾರಣೆಗೂ ಅದನ್ನು ಬಳಸಿದ್ದಾರೆ. ಆದರೆ ಅದರ ಬೇರುಕಾಂಡ ಭೂಮಿಯೊಳಗೆ ಆಳಕ್ಕೂ ಅಡ್ಡಕ್ಕೂ ಹರಿಯುತ್ತದೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ಮಧ್ಯ ಭಾರತದಲ್ಲಿ ಕಾಶ ತುಂಬಿ ಪಾಳುಬಿದ್ದ ಹೊಲಗಳನ್ನು ಬಿಡಿಸಲಿಕ್ಕೆಂದೇ ಕೇಂದ್ರ ಸರ್ಕಾರ ಟ್ರ್ಯಾಕ್ಟರ್‌ಗಳ ಒಂದು ಸಂಸ್ಥೆ ನಡೆಸಬೇಕಾಯಿತು. ಸನಿಕೆ ಅಲ್ಲಿಯೇ ಇಟ್ಟೆ. ಸ್ಪ್ರೆಡ್‌ಶೀಟಿಗೆ ಹೊಸ ಕಾಲಂ ಬಂತು: ಕೂತಲ್ಲಿ ಕೂರುತ್ತದೋ, ಓಡುತ್ತದೋ?

ಅಲಂಕಾರದ ಹುಲ್ಲು ಆರಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಅಂತ ಈಗ ನನಗನ್ನಿಸುತ್ತದೆ. ಬಣ್ಣ ಆಮೇಲೆ.

ಆ ವರ್ಷ ಎಳ್ಳಮಾಸಿಗೆ ಔರಾದ್ ತಾಲೂಕಿನ ನಮ್ಮೂರಿಗೆ ಹೋದೆವು. ನಮ್ಮ ಪಾಲಿಗೆ ಉಳಿದಿರುವುದು ಮೂರೆಕರೆ, ಕಾಕಾ ನೋಡಿಕೊಳ್ಳುತ್ತಾನೆ. ಬೀದರಿನ ಕಡೆಯವರಿಗೆ ಎಳ್ಳಮಾಸಿ ಎಂದರೆ ಏನು ಅಂತ ಹೇಳಬೇಕಿಲ್ಲ; ಬೇರೆಯವರಿಗೆ ಹೇಳುವುದಾದರೆ, ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ. ಬೆಳೆಗೆ ಚರಗ ಚೆಲ್ಲಿ ಎಲ್ಲರೂ ಕೂತು ಉಣ್ಣುವುದು. ಉಂಡಾದ ಮೇಲೆ ಕಾಕಾ, ಅವ್ವ ಎಲ್ಲ ಅಲ್ಲಲ್ಲೇ ಅಡ್ಡಾದರು. ಅಪ್ಪ ಬದುವಿನ ಮೇಲೆ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ.

ಚಳಿಗಾಲದ ಮಧ್ಯಾಹ್ನ. ಹೊಲದಲ್ಲಿ ಜೋಳ, ಕಡಲೆ ಹಸಿರಾಗಿದ್ದವು. ಬದುವಿನ ಮೇಲೆ ಮಾತ್ರ ಹುಲ್ಲು ಪೂರ್ತಿ ಒಣಗಿ ನಿಂತಿತ್ತು. ಆದರೆ ಒಣಗಿದ್ದು ಒಂದು ಬಣ್ಣವಲ್ಲ. ಕೆಲವು ತಾಮ್ರದ ಹಾಗೆ, ಕೆಲವು ಹುರಿದ ರವೆಯ ಹಾಗೆ, ಇನ್ನು ಕೆಲವಕ್ಕೆ ನೇರಳೆ ನೆರಳು. ಇಷ್ಟು ವರ್ಷ ಬಂದು ಹೋದರೂ ಇದು ಕಣ್ಣಿಗೆ ಬಿದ್ದಿರಲಿಲ್ಲ. ನನಗೆ ತೋಟ ಅಂದರೆ ಹಸಿರು, ಒಣಗಿದ್ದು ಅಂದರೆ ಸತ್ತದ್ದು. ಈ ಹುಲ್ಲಿಗೆ ಹಾಗಲ್ಲ. ಮೇಲೆ ಒಣಗಿಸಿಕೊಂಡು, ಕೆಳಗೆ ನಿದ್ದೆ ಮಾಡುತ್ತಿರುತ್ತದೆ.

“ಇವಕ್ಕೆಲ್ಲ ಹೆಸರ ಅದಾವೇನ ಅಪ್ಪಾ?”

ಅಪ್ಪ ಕೂತಲ್ಲಿಂದಲೇ ಒಂದು ದಂಟು ಕಿತ್ತ. ಗೆಣ್ಣಿನ ಸುತ್ತ ಬಿಳಿ ಕೂದಲಿನ ಉಂಗುರ. “ಇದು ಮಾರವೇಲ. ದನ ಮೊದಲ ಇದಕ್ಕs ಬಾಯಿ ಹಾಕ್ತಾವ.” ಇನ್ನೊಂದು: “ಇದು ಕುಸಳಿ. ಎಳೀದಿದ್ದಾಗ ತಿಂತಾವ, ಬಲಿತ್ರ ಮುಟ್ಟಂಗಿಲ್ಲ. ನೋಡ್, ನಿನ್ನ ಚೂಡಿದಾರಕ್ಕ ಆಗಲೇ ಚುಚ್ಚ್ಯಾವ.” ನಿಜ, ಪ್ಯಾಂಟಿನ ಕೆಳಗೆ ಇಪ್ಪತ್ತು ಮುಳ್ಳು. ನಮ್ಮ ಕಡೆ ಹೆಸರುಗಳೆಲ್ಲ ಮರಾಠಿ ಬೆರೆತವು, ಗಡಿಯ ಊರು.

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಅವನೇ ಶುರು ಮಾಡಿದ. 72ರ ಬರ. ಅಪ್ಪನಿಗೆ ಹನ್ನೆರಡು ವರ್ಷ. ಮಳೆ ಹೋಗಿ, ಜೋಳವಿಲ್ಲದ ಮೇಲೆ ಕಣಕಿಯೂ ಇಲ್ಲ. ಬಣವಿ ಮುಗಿದ ಮೇಲೆ ಮಾಳಿಗೆಯ ಮೇಲೆ ಹೊದಿಸಿದ್ದ ಹಳೇ ಹುಲ್ಲನ್ನು ಇಳಿಸಿ ಹಾಕಿದರಂತೆ. ಮುತ್ಯಾನಿಗೆ ಒಂದು ಜೋಡಿ ದೇವಣಿ ಎತ್ತು, ಬಿಳಿ ಮೈ, ಕಪ್ಪು ಮಚ್ಚೆ. ಅಪ್ಪ ಮತ್ತು ಅವನ ಅಕ್ಕ ದಿನಾ ಕುಡಗೋಲು ಹಿಡಿದು ಹೊರಡುವುದು, ಯಾವ ಬದುವಿನಲ್ಲಿ ಒಂದು ಹಿಡಿ ಹುಲ್ಲು ಉಳಿದಿದೆ ಅಂತ ಹುಡುಕುವುದು. ಬೇರೆಯವರ ಬದುವಿನಲ್ಲಿ ಕೊಯ್ದು ಒಂದು ಸಲ ಪೆಟ್ಟು ತಿಂದಿದ್ದ. ಕೊನೆಗೆ ಮುತ್ಯಾ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋದ. ಸಂತೆಯ ತುಂಬ ಮಾರುವವರೇ, ಕೊಳ್ಳುವವರಿಲ್ಲ. ಸಿಕ್ಕಷ್ಟಕ್ಕೆ ಕೊಟ್ಟು ಬಂದು, ಮರುದಿನ ಸರ್ಕಾರದ ಬರಗಾಲದ ಕೆಲಸಕ್ಕೆ ಕಲ್ಲು ಒಡೆಯಲು ಹೋದ.

“ಖರೀದಿ ಮಾಡ್ದಾಂವ ಯಾರಂತ ನಾ ಕೇಳ್ಲಿಲ್ಲ. ಅಪ್ಪಾನೂ ಹೇಳ್ಲಿಲ್ಲ,” ಅಂದ. ಆಮೇಲೆ, “ಅದಕ್ಕs, ದನ ತಿನ್ನಲಾರದ ಹುಲ್ಲಿಗಿ ನೀ ರೊಕ್ಕ ಕೊಟ್ಟಿ ಅಂದಾಗ ನನಗ ಏನ್ ಅನ್ಬೇಕು ತಿಳೀಲಿಲ್ಲ.”

ಮೂವತ್ತು ವರ್ಷ ಆ ಮನುಷ್ಯನ ಜೊತೆ ಬದುಕಿದ್ದೇನೆ, ಈ ಮಾತು ಅವತ್ತೇ ಕೇಳಿದ್ದು. ನನಗೂ ಏನು ಹೇಳಬೇಕೋ ತಿಳಿಯಲಿಲ್ಲ. ಕುಸಳಿ ಮುಳ್ಳು ಒಂದೊಂದಾಗಿ ಕೀಳುತ್ತ ಕೂತೆ. ಹೊರಡುವಾಗ ಅಪ್ಪ ತಾನಾಗಿಯೇ ಹೇಳಿದ, “ಈಗ ಕಿತ್ತ್ರ ಬದಕಂಗಿಲ್ಲ. ಮಿರಗ ಕೂಡ್ಲಿ, ಬುಡ ಸೀಳಿ ಒಯ್ಯೂಣು.”

ಆಮೇಲೆ ನಾನು ಓದಿದ್ದರಲ್ಲಿ ಎರಡು ಸಂಗತಿ ನಿಮಗೆ ಹೇಳಲೇಬೇಕು. ಒಂದು, ನಮ್ಮ ದಖ್ಖನ್ ಪ್ರಸ್ಥಭೂಮಿಯ ಹುಲ್ಲುಗಾವಲಿಗೆ ಶಾಸ್ತ್ರಜ್ಞರು ಕೊಟ್ಟ ಹೆಸರಿನಲ್ಲೇ ಮಾರವೇಲ್ ಇದೆ: ಸೆಹಿಮಾ–ಡೈಕಾಂಥಿಯಂ ಹುಲ್ಲುಗಾವಲು, ಈ ಡೈಕಾಂಥಿಯಂ ಅಂದರೆ ಮಾರವೇಲಿನ ಕುಲ. ನಮ್ಮ ಜಿಲ್ಲೆಯ ಕೃಷ್ಣಮೃಗಗಳು ಬದುಕಿರುವುದು ಇಂಥ ಬಯಲುಗಳ ಚೂರುಪಾರಿನಲ್ಲೇ. ಇನ್ನೊಂದು, ಹವಾಯಿಯಲ್ಲಿ ಫೌಂಟೇನ್ ಹುಲ್ಲು ಒತ್ತರಿಸಿದ ಅಲ್ಲಿನ ಹಳೆಯ ಹುಲ್ಲುಗಳಲ್ಲಿ ‘ಪಿಲಿ’ ಅನ್ನುವುದೊಂದು. ಹವಾಯಿಯ ಜನ ತಮ್ಮ ಮನೆಗೆ ಹೊದಿಸುತ್ತಿದ್ದ ಹುಲ್ಲು. ಆ ಪಿಲಿ ಬೇರೆ ಯಾವುದೂ ಅಲ್ಲ, ನನ್ನ ಚೂಡಿದಾರಕ್ಕೆ ಚುಚ್ಚಿದ ಕುಸಳಿ! ಒಂದೇ ಜಾತಿ. ಮೂರು ಸಾವಿರ ಕೊಟ್ಟು ನಾನು ಮನೆಗೆ ತಂದದ್ದು ಯಾರನ್ನು, ಹೊರಗೆ ನಿಲ್ಲಿಸಿದ್ದು ಯಾರನ್ನು ಅಂತ ನೋಡಿ.

ಆದರೂ ಕಾರಂಜಿಯಂಥ ಆ ತೆನೆಯ ಆಸೆ ನನಗೆ ಬಿಡಲಿಲ್ಲ. ಅದಕ್ಕೆ ಉತ್ತರ ಅಂಜನ್ ಹುಲ್ಲು. ಫೌಂಟೇನ್ ಹುಲ್ಲಿನ ಹತ್ತಿರದ ಸಂಬಂಧಿ. ಸಸ್ಯಶಾಸ್ತ್ರಜ್ಞರು ಈಗ ಫೌಂಟೇನ್, ಅಂಜನ್, ನಮ್ಮ ಸಜ್ಜೆ ಮೂರನ್ನೂ ಸೆಂಕ್ರಸ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದಾರೆ. ನರಿಬಾಲದಂಥ ಕಂದು ನೇರಳೆ ತೆನೆ, ಎರಡು ಅಡಿ ಎತ್ತರ, ಬಿಸಿಲಿಗೆ ಕ್ಯಾರೇ ಅನ್ನುವುದಿಲ್ಲ, ದನಕ್ಕೆ ಒಳ್ಳೆಯ ಮೇವು. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇರುವುದು ಓದಿ ಗೊತ್ತಿತ್ತು. ಅಲ್ಲಿಯವಳಾದ ಗೆಳತಿಗೆ ಹೇಳಿದೆ, ಎಲ್ಲಿಂದಲೋ ಒಂದು ಹಿಡಿ ಬೀಜ ಹುಡುಕಿ ಕಳಿಸಿದಳು. ಇದೇ ಅಂಜನ್ ಮೇವಿಗೆಂದು ಆಸ್ಟ್ರೇಲಿಯಾಕ್ಕೆ, ಅರಿಜೋನಾಕ್ಕೆ ಹೋಗಿ ಅಲ್ಲಿ ಉಪದ್ರವ ಆಗಿದೆ, ಅದನ್ನೂ ಹೇಳಬೇಕು. ಅಲ್ಲಿ ಅದು ಪರದೇಶಿ, ಇಲ್ಲಿ ಮನೆಯದು.

ಅಂದಹಾಗೆ ಸಜ್ಜೆಯನ್ನೂ ಅಮೆರಿಕದವರು ಚಂದಕ್ಕೆ ಹಚ್ಚುತ್ತಾರೆ. ನೇರಳೆ ಬಣ್ಣದ ‘ಪರ್ಪಲ್ ಮೆಜೆಸ್ಟಿ’ ಎಂಬ ಸಜ್ಜೆಗೆ 2003ರಲ್ಲಿ ಅಲ್ಲಿನ ತೋಟಗಾರಿಕೆಯ ಚಿನ್ನದ ಪದಕ ಸಿಕ್ಕಿದೆ. ಇದನ್ನು ಅಪ್ಪನಿಗೆ ಹೇಳಿದ ದಿನ ಅವನು ನಕ್ಕಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಜೂನ್ ಎರಡನೆಯ ವಾರ, ಮಿರಗದ ಮಳೆ ಎರಡು ಹದವಾದ ಮೇಲೆ, ಔರಾದಿನಿಂದ ಬುಡಗಳು ಬಂದವು. ಇಲ್ಲಿ ಮಣ್ಣಿನ ತಕರಾರು ಎದ್ದಿತು. ಔರಾದಿನದು ಎರೆಮಣ್ಣು, ತೇವ ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಬೀದರ್ ಊರು ನಿಂತಿರುವುದು ಜಂಬಿಟ್ಟಿಗೆಯ ಗುಡ್ಡದ ಮೇಲೆ. ಮೇಲೆ ಒಂದಡಿ ಕೆಂಪು ಮುರುಮು, ಕೆಳಗೆ ತೂತು ತೂತಾದ ಕಲ್ಲು. ಹಾಕಿದ ನೀರು ಸೀದಾ ಕೆಳಗೆ. ಬಹಮನಿ ಕಾಲದವರು ಆ ಇಳಿದ ನೀರನ್ನೇ ಹಿಡಿಯಲು ನಮ್ಮ ನೌಬಾದಿನಲ್ಲಿ ಸುರಂಗ ಬಾವಿ ಕೊರೆದರು. ನಾವು ಅದರ ಹತ್ತಿರವೇ ಮನೆ ಕಟ್ಟಿ ಟ್ಯಾಂಕರ್ ತರಿಸುತ್ತೇವೆ. ಇರಲಿ.

ಕುಸಳಿಗೂ ಅಂಜನ್‌ಗೂ ಈ ಮುರುಮು ಒಗ್ಗಿತು. ಗೊಬ್ಬರ ಹಾಕಲಿಲ್ಲ, ಹಾಕಿದರೆ ಮೈತುಂಬಿ ಬೆಳೆದು ಬೀಳುತ್ತವೆ. ಎರಡೆರಡು ಅಡಿ ಬಿಟ್ಟು ಹಚ್ಚಿದೆವು, ಮೊದಲು ಬೋಳಾಗಿ ಕಂಡರೂ. ಮಾರವೇಲ್ ಮುನಿಸಿಕೊಂಡಿತು. ಹತ್ತರಲ್ಲಿ ನಾಲ್ಕು ಉಳಿದವು. ಅಪ್ಪನೇ ಅವನ್ನು ಕಿತ್ತು, ಪಾತ್ರೆ ತೊಳೆದ ನೀರು ಹರಿಯುವ ತಗ್ಗಿನ ಮೂಲೆಗೆ, ಊರಿಂದ ತಂದ ಎರಡು ಬುಟ್ಟಿ ಎರೆಮಣ್ಣು ಸುರಿದು ಹಚ್ಚಿದ. ಈಗ ಅಲ್ಲಿ ದಟ್ಟವಾಗಿವೆ.

ಕಂಪೌಂಡಿನ ಉದ್ದಕ್ಕೆ ಲಾವಂಚ. ಅದನ್ನು ಅವ್ವ ಆರಿಸಿದಳು. ಬೇಸಿಗೆಯಲ್ಲಿ ಅವಳ ತವರುಮನೆಯ ಬಾಗಿಲಿಗೆ ಖಸ್ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರಂತೆ, ಆ ವಾಸನೆ ಬೇಕು ಅಂದಳು. ಬೇರು ಗೋಡೆ ಒಡೆದೀತು ಅಂತ ನನಗೆ ಹೆದರಿಕೆ ಇತ್ತು. ಆದರೆ ಲಾವಂಚದ ಬೇರು ಅಡ್ಡ ಹೋಗುವುದಿಲ್ಲ, ಮೂರು ಮೀಟರ್ ತನಕ ನೆಟ್ಟಗೆ ಕೆಳಗಿಳಿಯುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಹಚ್ಚಿದ್ದು ಇದನ್ನೇ. ಮಣ್ಣು ಕೊಚ್ಚಿಹೋಗದಂತೆ ತಡೆಯಲು ಇದು ಸಾಕು ಅಂತ ವಿಶ್ವಬ್ಯಾಂಕಿನವರು ಜಗತ್ತಿಗೆಲ್ಲ ಸಾರಿದ್ದು ಆಮೇಲೆ, 1980ರ ದಶಕದಲ್ಲಿ. ಮನೆಯಲ್ಲಿ ಹಚ್ಚುವ ಲಾವಂಚ ಬೀಜದಿಂದ ಹಬ್ಬುವುದೂ ಇಲ್ಲ. ನನ್ನ ಹೊಸ ಕಾಲಮ್ಮಿನಲ್ಲಿ ಪೂರಾ ಅಂಕ. ಗೇಟಿನ ಪಕ್ಕ ಒಂದು ಬುಡ ಗವತಿ ಚಹಾ, ಚಹಾಕ್ಕೇ.

ಮೊದಲ ಮಳೆಗಾಲ ಮುಗಿದ ಮೇಲೆ ಫೆಬ್ರುವರಿ ತನಕ ವಾರಕ್ಕೊಮ್ಮೆ ನೀರು ಕೊಟ್ಟೆವು, ಬೇರು ಇಳಿಯಲಿ ಅಂತ. ಎಲ್ಲ ಸೇರಿ ಒಂದು ಸಲಕ್ಕೆ ಮೂರು ಬಕೆಟ್. ಆಮೇಲೆ ನಿಲ್ಲಿಸಿದೆವು.

ಕಷ್ಟಗಳೂ ಇವೆ. ಕುಸಳಿಯನ್ನು ಓಡಾಡುವ ದಾರಿಗೆ ಹತ್ತಿರ ಹಚ್ಚಬೇಡಿ. ಆ ಮುಳ್ಳಿನ ಬಾಲ ತೇವವಾದಾಗ ಬಿಚ್ಚಿಕೊಂಡು, ಒಣಗಿದಾಗ ಹುರಿಗೊಂಡು ಗಿರಗಿರ ತಿರುಗುತ್ತದೆ. ಹಾಗೆ ತಿರುಗಿಯೇ ಬೀಜವನ್ನು ನೆಲಕ್ಕೆ ಕೊರೆದು ಇಳಿಸುತ್ತದೆ. ಸ್ಕ್ರೂ ಡ್ರೈವರ್ ಇಟ್ಟುಕೊಂಡ ಬೀಜ! ನೋಡಲು ಬಹಳ ಮಜಾ, ಅವ್ವನ ಸೀರೆಗೆ ಮಜಾ ಅಲ್ಲ. ನವೆಂಬರ್‌ನಲ್ಲಿ ತೆನೆ ಬಲಿ‌ಯುವ ಮೊದಲು ದಾರಿಯ ಕಡೆಯವನ್ನು ಕತ್ತರಿಸುತ್ತೇನೆ. ಹಾವಿನ ಹೆದರಿಕೆಗೆ ಬುಡದ ಸುತ್ತ ಗೇಣುದ್ದ ಜಾಗ ಬೋಳಾಗಿಟ್ಟು ಮುರುಮು ಹರಡಿದ್ದೇವೆ, ಮನೆಯ ಗೋಡೆಯಿಂದ ನಾಲ್ಕಡಿ ದೂರ. ಎಲ್ಲಕ್ಕಿಂತ ದೊಡ್ಡ ಹೆದರಿಕೆ ದೀಪಾವಳಿ. ಕಳೆದ ಸಲ ಎದುರು ಮನೆಯ ಹುಡುಗರು ಬಿಟ್ಟ ರಾಕೆಟ್ಟು ಅಂಜನ್ ಸಾಲಿಗೆ ಬಂದು ಬಿತ್ತು. ಒಂದು ಬುಡ ಹೊತ್ತಿಕೊಂಡಿತು. ಅಪ್ಪ ಕೊಡದ ನೀರು ಸುರಿದು ಆರಿಸಿದ. ಕೈ ನಡುಗುತ್ತಿತ್ತು ಅವನದು. ಈ ವರ್ಷ ಆ ಮೂರು ದಿನ ಪೈಪು ಜೋಡಿಸಿಯೇ ಇಡುವುದು ಅಂತಾಗಿದೆ. ಸುಟ್ಟ ಬುಡ ಮುಂದಿನ ಮಳೆಗೆ ಎಲ್ಲಕ್ಕಿಂತ ಮೊದಲು ಚಿಗುರಿತು, ಅದು ಬೇರೆ ಮಾತು.

ಮೇ ಕೊನೆಯ ವಾರ, ಮಳೆಗೆ ಮುಂಚೆ, ಎಲ್ಲವನ್ನೂ ಬುಡದಿಂದ ಗೇಣು ಬಿಟ್ಟು ಕತ್ತರಿಸಬೇಕು. ಇಲ್ಲದಿದ್ದರೆ ಹಳೆಯ ಒಣಕಲಿನ ನಡುವೆ ಹೊಸ ಚಿಗುರು ಉಸಿರುಗಟ್ಟುತ್ತದೆ. ನಾನು ಆನ್‌ಲೈನಿನಲ್ಲಿ ತರಿಸಿದ ದೊಡ್ಡ ಕತ್ತರಿ ಹಿಡಿದು ಅಂಗಳಕ್ಕೆ ಇಳಿದೆ. ಅಪ್ಪ ಒಳಗಿನಿಂದ ಕುಡಗೋಲು ತಂದ. ಮುತ್ಯಾನದಂತೆ, ಹಿಡಿ ಮಾತ್ರ ಹೊಸದು. ಬೈಪಾಸಿನ ನಂತರ ಡಾಕ್ಟರು ಬಗ್ಗಿ ಕೆಲಸ ಮಾಡಬೇಡಿ ಅಂದಿದ್ದಾರೆ, ಅವ್ವ ಬಾಗಿಲಲ್ಲಿ ನಿಂತು ಅದನ್ನೇ ಹೇಳುತ್ತಿದ್ದಳು. ಅವನು ಕುಕ್ಕರುಗಾಲಲ್ಲಿ ಕೂತು, ಎಡಗೈಯಲ್ಲಿ ಹಿಡಿ ತುಂಬ ಹಿಡಿದು, ಒಂದು ಸಪ್ಪಳಕ್ಕೆ ಒಂದು ಬುಡ. ನನ್ನ ಕತ್ತರಿ ಎರಡು ಬುಡ ಮುಗಿಸುವಷ್ಟರಲ್ಲಿ ಅವನು ಸಾಲಿನ ಕೊನೆಗಿದ್ದ.

ಕೊಯ್ದದ್ದನ್ನು ಪೆಂಡಿ ಕಟ್ಟಲು ನಾನು ಪ್ಲಾಸ್ಟಿಕ್ ಹಗ್ಗ ತಂದೆ. “ಅದು ದನದ ಹೊಟ್ಟ್ಯಾಗ ಹೋಗ್ತದ, ಬ್ಯಾಡ,” ಅಂದ. ನಾಲ್ಕು ಉದ್ದನೆ ದಂಟು ಆರಿಸಿ, ನೀರಲ್ಲಿ ಅದ್ದಿ, ಹೊಸೆದು, ಅದರಿಂದಲೇ ಬಿಗಿದ. ಹದಿನೊಂದು ಪೆಂಡಿ ಆದವು. ಮೇಲಿನ ಓಣಿಯಲ್ಲಿ ಎಮ್ಮೆ ಸಾಕಿರುವ ಹೆಣ್ಣುಮಗಳೊಬ್ಬಳು, ನಮಗೆ ಹಾಲು ಹಾಕುವವಳು, ಸಂಜೆ ಬಂದು ನೋಡಿದಳು. ಒಣಗಿದ್ದರೂ ಅಂಜನ್, ಮಾರವೇಲ್ ನಡೀತದೆ ಅಂದಳು. ಎಷ್ಟು ಕೊಡಲಿ ಅಂತ ಸೆರಗಿನ ಗಂಟಿಗೆ ಕೈ ಹಾಕಿದಳು.

ಅಪ್ಪ ನನ್ನ ಕಡೆ ನೋಡಿದ. “ಹುಲ್ಲಿಗೆಂಥಾ ರೊಕ್ಕ ತಂಗೀ, ತಗೊಂಡ್ ಹೋಗು,” ಅಂದ.

ಅವಳು ಹೊತ್ತುಕೊಂಡು ಹೋದ ಮೇಲೆ ಅಂಗಳ ಬೋಳಾಯಿತು, ಬರೇ ಬುಡಗಳ ಸಾಲು. ಅಪ್ಪ ಕೈ ತೊಳೆದು ಬಂದು, ಕಾರು ನಿಲ್ಲಿಸುವ ಜಾಗವನ್ನು ಅಡಿಯಿಟ್ಟು ಅಳೆಯತೊಡಗಿದ. ಕಾರು ಎರಡಡಿ ಆಕಡೆ ಸರಿದರೆ ಇನ್ನೊಂದು ಸಾಲು ಮಾರವೇಲ್ ಕೂರುತ್ತದಂತೆ. ಮಿರಗಕ್ಕೆ ಹನ್ನೆರಡು ದಿನ ಇತ್ತು.